ಕೇಸ್ ಶೀಟ್ ಸರಿ ಇಲ್ಲದಿದ್ದರೆ ಜೀನ್ ಏನು ಹೇಳೀತು?

"ಇಬ್ಬರಿಗೂ ಒಂದೇ ವಾರ ಜ್ವರ ಬಂತು ಡಾಕ್ಟ್ರೇ. ತಮ್ಮ ಆಗಲೇ ಗದ್ದೆಗೆ ಹೋಗ್ತಿದ್ದಾನೆ. ಇವನು ಯಾಕೆ ಹೀಗೆ ಮಲಗಿಬಿಟ್ಟ?"

ಪಾಂಡವಪುರ ಕಡೆಯ ತಾಯಿಯೊಬ್ಬರು ಐಸಿಯು ಬಾಗಿಲಲ್ಲಿ ನಿಂತು ಕೇಳಿದ್ದರು. ಮಗ ವೆಂಟಿಲೇಟರ್ ಮೇಲಿದ್ದ. ಮೈಸೂರಿನಲ್ಲಿ ಐಸಿಯು ಕೆಲಸ ಮಾಡುವ ನನಗೆ ಈ ಪ್ರಶ್ನೆ ಹೊಸದಲ್ಲ. ಪ್ರತಿ ಸಲವೂ ಅದು ನನ್ನನ್ನು ಕಾಡುತ್ತದೆ.

ಉತ್ತರದ ಒಂದು ತುಂಡು 1988ರಲ್ಲಿ ಡೆನ್ಮಾರ್ಕಿನಿಂದ ಬಂತು. ಅಲ್ಲಿನವರು ದತ್ತು ಹೋದ ಮಕ್ಕಳ ದಾಖಲೆಗಳನ್ನು ಹುಡುಕಿ ತೆಗೆದರು. ಹೆತ್ತ ತಂದೆಯೋ ತಾಯಿಯೋ 50 ವರ್ಷಕ್ಕೆ ಮುಂಚೆ ಸೋಂಕಿನಿಂದ ತೀರಿಕೊಂಡಿದ್ದರೆ, ಮಗುವೂ ಸೋಂಕಿನಿಂದ ಸಾಯುವ ಅಪಾಯ ಸುಮಾರು 6 ಪಟ್ಟು ಜಾಸ್ತಿ ಇತ್ತು. ಸಾಕಿದವರು ಹಾಗೆ ತೀರಿಕೊಂಡಿದ್ದರೆ ಅಪಾಯ ಹೆಚ್ಚಿದ್ದು ಕಾಣಲಿಲ್ಲ. ಅಂದರೆ ಇದರಲ್ಲಿ ಹೆತ್ತವರಿಂದ ಬಂದ ಜೀನ್‌ನ ಪಾಲೂ ಇದೆ. ಒಂದು ಹನಿ ರಕ್ತವನ್ನೂ ತೆಗೆಯದೆ, ಬರೀ ಕಾಗದದಿಂದ ಸಿಕ್ಕ ಸತ್ಯ ಇದು.

ಕೋವಿಡ್ ಕಾಲದಲ್ಲಿ ಕಾಗದ ಮತ್ತು ರಕ್ತ ಎರಡೂ ಸೇರಿದವು. ಬ್ರಿಟನ್ನಿನ ಜೆನಾಮಿಕ್ (GenOMICC) ಎಂಬ ಅಧ್ಯಯನ 208 ಐಸಿಯುಗಳಿಂದ 2,244 ರೋಗಿಗಳ ಡಿಎನ್ಎ ಓದಿತು. ಹೋಲಿಸಲು ಯುಕೆ ಬಯೋಬ್ಯಾಂಕ್ ಇತ್ತು. ಅದರಲ್ಲಿ ಸುಮಾರು 5 ಲಕ್ಷ ಜನರ ರಕ್ತದ ಮಾದರಿ ಇದೆ, ಜೊತೆಗೆ ಅವರ ಆಸ್ಪತ್ರೆ ದಾಖಲೆಯೂ ಇದೆ. ಹೋಲಿಸಿದಾಗ ಎದ್ದು ಕಂಡ ಜೀನ್‌ಗಳಲ್ಲಿ ಟಿವೈಕೆ2 ಒಂದು. ಉರಿಯೂತವನ್ನು ಜೋರು ಮಾಡುವ ದಾರಿಯಲ್ಲಿ ಅದು ಕೆಲಸ ಮಾಡುತ್ತದೆ. ಆ ದಾರಿಯನ್ನು ತಡೆಯುವ ಔಷಧಿ ಆಗಲೇ ಕೀಲುವಾತಕ್ಕೆ ಬಳಕೆಯಲ್ಲಿತ್ತು: ಬಾರಿಸಿಟಿನಿಬ್. 2022ರಲ್ಲಿ ರಿಕವರಿ ಎಂಬ ದೊಡ್ಡ ಪ್ರಯೋಗ, ಈ ಔಷಧಿ ಕೋವಿಡ್‌ನಿಂದ ಆಸ್ಪತ್ರೆ ಸೇರಿದವರ ಸಾವನ್ನು ಸುಮಾರು 13% ತಗ್ಗಿಸುತ್ತದೆ ಎಂದು ತೋರಿಸಿತು.

ಆದರೆ ಯುಕೆ ಬಯೋಬ್ಯಾಂಕಿನಲ್ಲಿ ಹೆಚ್ಚಿನವರು ಬಿಳಿಯರು. ನಮ್ಮ ಜನರಲ್ಲಿ ಮಾತ್ರ ಇರುವ ವ್ಯತ್ಯಾಸ ಅಲ್ಲಿ ಸಿಗುವುದು ಕಷ್ಟ. ನಮ್ಮ ದೇಶದ ಜೀನೋಮ್ ಇಂಡಿಯಾ ಯೋಜನೆ 10,000 ಜನರ ಡಿಎನ್ಎ ಓದಿದೆ. ಅವರು ಆರೋಗ್ಯವಂತರು. ಹೋಲಿಸಲು ಒಂದು ಕಡೆ ಸಿದ್ಧವಾಯಿತು, ಅಲ್ವಾ? ಕಾಯಿಲೆಯ ಕಡೆಯದನ್ನು ನಾವೇ ಬರೆಯಬೇಕು.

ಬರೆಯುವುದರಲ್ಲೇ ನಾವು ಸೋಲುತ್ತೇವೆ. ರಾತ್ರಿ ಎರಡು ಗಂಟೆಗೆ ನಾನೂ "ಜ್ವರ, ಉಸಿರಾಟದ ತೊಂದರೆ, ಸೆಪ್ಸಿಸ್" ಎಂದು ಒಂದೇ ಸಾಲು ಗೀಚಿದ್ದೇನೆ. (ಸೆಪ್ಸಿಸ್ ಅಂದರೆ ಸೋಂಕಿಗೆ ದೇಹವೇ ಕೆರಳಿ ಅಂಗಾಂಗಗಳು ಕುಸಿಯುವ ಸ್ಥಿತಿ.) ಸೋಂಕು ಎಲ್ಲಿಂದ ಶುರುವಾಯಿತು? ಯಾವ ರೋಗಾಣು? ಜ್ವರ ಬಂದ ಎಷ್ಟನೇ ದಿನ ಬಂದರು? ಈ ಕೊನೆಯ ಪ್ರಶ್ನೆ ಬಲು ಮುಖ್ಯ. ಊರಲ್ಲಿ ನಾಲ್ಕು ದಿನ ಇಂಜೆಕ್ಷನ್ ಹಾಕಿಸಿಕೊಂಡು, ಐದನೇ ದಿನ ಮೈಸೂರಿಗೆ ಬಂದವನು ತಡವಾಗಿದ್ದರಿಂದ ಕುಸಿದನೋ, ಜೀನ್‌ನಿಂದ ಕುಸಿದನೋ? ದಿನ ಬರೆಯದಿದ್ದರೆ ಬೇರ್ಪಡಿಸಲು ಆಗುವುದಿಲ್ಲ. ತಡವಾದ ತಪ್ಪನ್ನು ಸುಮ್ನೆ ಜೀನ್ ಮೇಲೆ ಹೊರಿಸಿಬಿಡುತ್ತೇವೆ.

ಒಳ್ಳೆಯ ದಾಖಲೆ ನಮ್ಮಿಂದ ಆಗದ ಕೆಲಸವೇನಲ್ಲ. ಮೈಸೂರಿನ ಮಿಷನ್ ಆಸ್ಪತ್ರೆಯಲ್ಲಿ 1934ರಿಂದಲೇ ಹುಟ್ಟಿದ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. ಹಾಗೆ ಹುಟ್ಟಿದವರನ್ನು ದಶಕಗಳ ನಂತರ ಹುಡುಕಿ, ಹೃದ್ರೋಗಕ್ಕೂ ಹುಟ್ಟುತೂಕಕ್ಕೂ ಇರುವ ನಂಟನ್ನು ಕಂಡುಕೊಂಡರು. ಆ ನರ್ಸ್‌ಗಳಿಗೆ ಜೀನ್ ಗೊತ್ತಿರಲಿಲ್ಲ. ತಕ್ಕಡಿ ನೋಡಿ ಸರಿಯಾಗಿ ಬರೆದರು, ಅಷ್ಟೇ.

ಆ ತಾಯಿಯನ್ನು ನಾನು ತಿರುಗಿ ಕೇಳಿದೆ: ಮನೆಯಲ್ಲಿ ಚಿಕ್ಕ ವಯಸ್ಸಿಗೆ ಹೀಗೆ ಯಾರಾದರೂ ಹೋದರಾ? ಅವರ ಅಣ್ಣ ಮೂರೇ ದಿನದ ಜ್ವರಕ್ಕೆ ಹೋಗಿದ್ದರಂತೆ. ಆ ತಾಯಿ ಮದುವೆಯಾಗಿದ್ದು ತಮ್ಮ ಸೋದರಮಾವನನ್ನೇ. ಎರಡೂ ಜೀನ್ ಕಡೆಗೆ ಬೆರಳು ತೋರಿಸುವ ಸುಳಿವುಗಳು. ಎರಡನ್ನೂ ಮೊದಲ ಪುಟದಲ್ಲೇ ಬರೆದೆ.

ಸಂಶೋಧನೆಗೆ ರಕ್ತ ಕೊಡುವ ವಿಷಯ ಬೇರೆ. ವೆಂಟಿಲೇಟರ್ ಮೇಲಿರುವವರ ಪರವಾಗಿ ಮನೆಯವರು ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕುತ್ತಾರೆ. ಆ ಗಾಬರಿಯಲ್ಲಿ ಹಾಕಿದ ಹೆಬ್ಬೆಟ್ಟು ನನಗೆ ಸಾಲದು. ರೋಗಿಗೆ ಎಚ್ಚರವಾಗಿ, ಮಾತು ಬಂದ ಮೇಲೆ, ಪಕ್ಕದಲ್ಲಿ ಕೂತು ಅವರನ್ನೇ ಕೇಳಬೇಕು. ಬೇಡ ಎಂದರೆ ಆ ರಕ್ತದ ಟ್ಯೂಬ್ ಬಳಸಬಾರದು.