‘ಪ್ರಿಂಟ್ ಹ್ಯಾಂಗದ?’: ಫೈಲ್ ಹೆಸರಿನ ಉದ್ದನೆಯ ಬಾಲದ ಕತೆ

ತಂಗಿಯ ಮದುವೆ ವಿಡಿಯೊ ಪೆನ್‌ಡ್ರೈವ್‌ನಲ್ಲಿ ಬಂದ ದಿನ ಕಲಬುರಗಿಯ ನಮ್ಮ ಮನೆಯವರೆಲ್ಲ ಟಿವಿ ಮುಂದೆ ಕೂತಿದ್ದೆವು. ‘ಆವಾಜ್ ಬರ್ಲತ್ತದ, ಪಿಚ್ಚರ್ ಕಾಣವಲ್ದು’ ಅಂದರು ಅಪ್ಪ. ಪೆನ್‌ಡ್ರೈವ್ ಕೆಟ್ಟಿದೆ ಎಂದುಕೊಂಡೆವು. ಕಾರಣ ಫೈಲಿನ ಹೆಸರಲ್ಲೇ ಇತ್ತು, ಓದಲು ನಮಗೆ ಬರುತ್ತಿರಲಿಲ್ಲ. ಸಿನಿಮಾ ಫೈಲುಗಳ ಹೆಸರಿನ ಹಿಂದೆ ಜೋತು ಬೀಳುವ ‘1080ಪಿ ವೆಬ್-ಡಿಎಲ್ ಎಕ್ಸ್264’ ಥರದ ಅಂಕಿ, ಅಕ್ಷರಗಳದ್ದೂ ಇದೇ ಕತೆ.

1990ರ ದಶಕದ ವಿಸಿಡಿ, ಆಮೇಲಿನ ಡಿವಿಡಿ, 2006ರ ಬ್ಲೂ-ರೇ: ಡಿಸ್ಕ್ ಕೈಯಲ್ಲಿದ್ದಷ್ಟು ಕಾಲ ಈ ಪದಗಳು ನೋಡುವವರಿಗೆ ಬೇಕಿರಲಿಲ್ಲ. ಡಿಸ್ಕ್ ಹೋಗಿ ಬರೀ ಫೈಲ್ ಉಳಿದಾಗ ಅದು ಎಲ್ಲಿಂದ ಬಂತು, ಹೇಗೆ ಕುಗ್ಗಿಸಿದ್ದು ಎಂಬುದನ್ನೆಲ್ಲ ಹೆಸರೇ ಹೊರಬೇಕಾಯಿತು.

ನಮ್ಮ ಕಡೆ ಈ ಗೊಂದಲ ಬಲಿತದ್ದು ಮೆಮೊರಿ ಕಾರ್ಡಿನ ಕಾಲದಲ್ಲಿ. 2016ರಲ್ಲಿ ಡೇಟಾ ಅಗ್ಗವಾಗುವ ಮುಂಚೆ ಮೊಬೈಲ್ ಅಂಗಡಿಗೆ ಹೋಗಿ ಕಾರ್ಡಿಗೆ ಪಿಚ್ಚರ್ ಹಾಕಿಸಿಕೊಂಡು ಬರುತ್ತಿದ್ದೆವು. ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, ‘ಪ್ರಿಂಟ್ ಹ್ಯಾಂಗದ?’ ಸಿಗುತ್ತಿದ್ದದ್ದೂ ಒಂದೇ ಉತ್ತರ, ‘ಎಚ್‌ಡಿ ಅದ.’ ಮನೆಗೆ ಬಂದು ನೋಡಿದರೆ ಪರದೆಯ ಮುಂದೆ ಯಾರದೋ ತಲೆ ಎದ್ದು ಓಡಾಡುತ್ತಿತ್ತು. ಕೂಲಿ ದುಡ್ಡಿನಲ್ಲಿ ಹಾಕಿಸಿಕೊಂಡವರಿಗೆ ಅದು ಸಣ್ಣ ಮಾತಲ್ಲ.

ಪ್ರಿಂಟಿನ ನಿಜ ಹೇಳುವುದು ಫೈಲಿನ ಹೆಸರಲ್ಲಿ ಮೂಲವನ್ನು ಸೂಚಿಸುವ ಪದ. ‘ಕ್ಯಾಮ್’ ಎಂದರೆ ಥಿಯೇಟರಿನೊಳಗೆ ಕದ್ದು ಚಿತ್ರೀಕರಿಸಿದ್ದು. 2023ರ ತಿದ್ದುಪಡಿಯ ನಂತರ ಸಿನಿಮಾಟೋಗ್ರಾಫ್ ಕಾಯ್ದೆಯಲ್ಲಿ ಇದಕ್ಕೆ 3 ತಿಂಗಳಿಂದ 3 ವರ್ಷದವರೆಗೆ ಜೈಲು. ‘ಟಿಎಸ್’ ಕೂಡ ಪರದೆಯಿಂದ ಹಿಡಿದದ್ದೇ, ಧ್ವನಿ ಮಾತ್ರ ಬೇರೆ ಕಡೆಯಿಂದ ನೇರ ತೆಗೆದದ್ದು. ‘ಡಿವಿಡಿ-ರಿಪ್’, ‘ಬಿಡಿ-ರಿಪ್’ ಕ್ರಮವಾಗಿ ಡಿವಿಡಿ, ಬ್ಲೂ-ರೇ ಡಿಸ್ಕಿನಿಂದ ಬಂದವು. ‘ವೆಬ್-ಡಿಎಲ್’ ಓಟಿಟಿಯ ಫೈಲನ್ನು ಹಾಗೇ ಇಳಿಸಿದ್ದು. ‘ವೆಬ್-ರಿಪ್’ ಎಂದರೆ ಮತ್ತೊಮ್ಮೆ ಕುಗ್ಗಿಸಿದ್ದು, ಅಷ್ಟರಮಟ್ಟಿಗೆ ಗುಣಮಟ್ಟ ಕಳೆದುಕೊಂಡದ್ದು.

ಎಲ್ಲರ ಕಣ್ಣು ಬೀಳುವುದು ಮಾತ್ರ 720ಪಿ, 1080ಪಿ ಎಂಬ ಅಂಕಿಯ ಮೇಲೆ. ಅದು ಚಿತ್ರದಲ್ಲಿ ಮೇಲಿಂದ ಕೆಳಗೆ ಎಷ್ಟು ಗೆರೆ ಎಂಬ ಲೆಕ್ಕ, ಗುಣಮಟ್ಟದ ಖಾತರಿ ಅಲ್ಲ. ಮಸುಕು ಚಿತ್ರವನ್ನೂ ಹಿಗ್ಗಿಸಿ 1080ಪಿ ಮಾಡಬಹುದು. ನಾನು ನೆಚ್ಚುವುದು ಫೈಲಿನ ಗಾತ್ರವನ್ನು. 700 ಎಂಬಿ ಎಂಬ ಅಳತೆ ಬಂದದ್ದೇ ಒಂದು ಸಿಡಿಯಲ್ಲಿ ಹಿಡಿಸಲಿ ಎಂದು; ಸಿಡಿ ಮರೆಯಾದರೂ ಅಂಕಿ ಉಳಿಯಿತು. ಎರಡೂವರೆ ತಾಸಿನ ಚಿತ್ರ ಅಷ್ಟರಲ್ಲಿ ಮುಗಿದರೆ ನಿಮಿಷಕ್ಕೆ 5 ಎಂಬಿಯೂ ಸಿಗುವುದಿಲ್ಲ. ಹಳೆಯ ವಿಸಿಡಿಯೇ ನಿಮಿಷಕ್ಕೆ ಸುಮಾರು 10 ಎಂಬಿ ತಿನ್ನುತ್ತಿತ್ತು. ಕುಗ್ಗಿಸುವ ವಿದ್ಯೆ ಆಗಿನಿಂದ ಬಹಳ ಸುಧಾರಿಸಿದೆ ನಿಜ, ಆದರೂ 1080ಪಿಯ ಇಪ್ಪತ್ತು ಲಕ್ಷ ಚುಕ್ಕಿಗಳಿಗೆ ಅಷ್ಟು ಸಾಲದು. ಮಳೆ, ಹೊಗೆ, ಕತ್ತಲೆಯ ದೃಶ್ಯಗಳಲ್ಲಿ ಚೌಕ ಚೌಕವಾಗಿ ಒಡೆಯುತ್ತದೆ.

ಕುಗ್ಗಿಸುವ ಆ ವಿದ್ಯೆಯ ಹೆಸರುಗಳೇ ಎಚ್.264, ಎಚ್.265. ಮೊದಲನೆಯದು 2003ರದ್ದು, ಹೆಚ್ಚುಕಮ್ಮಿ ಎಲ್ಲ ಟಿವಿ, ಫೋನುಗಳಿಗೂ ಗೊತ್ತು. ಎರಡನೆಯದು 2013ರದ್ದು, ‘ಎಚ್‌ಇವಿಸಿ’ ಎಂದೂ ಬರೆಯುತ್ತಾರೆ. ಅದೇ ಚಿತ್ರವನ್ನು ಹೆಚ್ಚುಕಡಿಮೆ ಅರ್ಧ ಜಾಗದಲ್ಲಿ ಕೂರಿಸುತ್ತದೆ, ಆದರೆ ಹಳೆಯ ಟಿವಿಗಳಿಗೆ ಬಿಡಿಸಲು ಬರುವುದಿಲ್ಲ. ಎಕ್ಸ್264, ಎಕ್ಸ್265 ಎಂದಿದ್ದರೆ ಅವು ಆ ಕೆಲಸ ಮಾಡುವ ತಂತ್ರಾಂಶಗಳು. ಚಿತ್ರ ಬಂದು ಧ್ವನಿ ಬಾರದಿದ್ದರೆ ‘ಡಿಡಿ5.1’ ಅಥವಾ ‘ಡಿಟಿಎಸ್’ ಎಂದಿದೆಯೇ ನೋಡಬೇಕು. ಧ್ವನಿಯನ್ನು ಕುಗ್ಗಿಸುವ ಈ ವಿಧಾನಗಳು ಎಲ್ಲ ಪ್ಲೇಯರ್‌ಗಳಲ್ಲೂ ನಡೆಯುವುದಿಲ್ಲ.

ನಮ್ಮ ಮನೆಯ ಫೈಲಿನ ಕೊನೆಯಲ್ಲಿ ಇದ್ದದ್ದು ಎಚ್‌ಇವಿಸಿ. ಸ್ಟುಡಿಯೊದವರಿಗೆ ‘ಎಚ್.264ರಾಗ ಮಾಡಿ ಕೊಡ್ರಿ’ ಎಂದು ಕೇಳಿ, ವಾರದ ಮೇಲೆ ತಂದು ಹಾಕಿದೆವು. ಅಕ್ಷತೆ ಬೀಳುವುದನ್ನು ಅಪ್ಪ ಎರಡು ಸಲ ಹಿಂದೆ ಸರಿಸಿ ನೋಡಿದರು.