ಮಡಗಾಸ್ಕರ್‌ನ ಮುಳ್ಳುಚೆಂಡು ಹೆಡ್ಜ್‌ಹಾಗ್ ಅಲ್ವಾ?

ಪ್ರಶ್ನೆ: ಅಂಗೈ ಮೇಲೆ ಮುದುಡಿ ಕೂತ ಮುಳ್ಳಿನ ಪ್ರಾಣಿಯೊಂದರ ವಿಡಿಯೊ ನೋಡಿದೆ. ಹೆಸರು ‘ಟೆನ್ರೆಕ್’ ಅಂತ ಇತ್ತು. ಅದು ಹೆಡ್ಜ್‌ಹಾಗ್‌ನಲ್ಲೇ ಒಂದು ಬಗೆಯಾ?

ಉತ್ತರ: ಅಲ್ಲ, ದೂರದ ದಾಯಾದಿ ಅನ್ನುವುದೂ ಕಷ್ಟ. ನೀವು ನೋಡಿದ್ದು ಬಹುಶಃ ಎಕಿನಾಪ್ಸ್ ಕುಲದ್ದು. ಆ ಕುಲದಲ್ಲಿ ಇರುವುದು ಒಂದೇ ಪ್ರಭೇದ, ವಾಸ ಮಡಗಾಸ್ಕರ್‌ನ ದಕ್ಷಿಣ ಮತ್ತು ನೈಋತ್ಯದ ಒಣ ಕಾಡುಗಳಲ್ಲಿ. ‘ಎಕಿನಾಪ್ಸ್’ ಅಂದರೆ ಗ್ರೀಕ್‌ನಲ್ಲಿ ಹೆಡ್ಜ್‌ಹಾಗ್‌ನಂತೆ ಕಾಣುವುದು ಅಂತಲೇ ಅರ್ಥ. ಹೆಸರಿಟ್ಟವರೇ ‘ಅಂತೆ’ ಅಂದಿದ್ದಾರೆ, ‘ಹೌದು’ ಅಂದಿಲ್ಲ!

ಹೆಡ್ಜ್‌ಹಾಗ್‌ನ ನೆಂಟರು ಸೊಂಡಿಲಿಗಳು. ಟೆನ್ರೆಕ್‌ನ ನೆಂಟರ ಪಟ್ಟಿಯಲ್ಲಿ ಆನೆ ಇದೆ, ಕಡಲಹಸು ಇದೆ. ತಮಾಷೆಯಲ್ಲ. ಹುಳುಹುಪ್ಪಟೆ ತಿನ್ನುವ ಪುಟ್ಟ ಪ್ರಾಣಿಗಳನ್ನೆಲ್ಲ ಮೊದಲು ಒಂದೇ ಬುಟ್ಟಿಗೆ ಹಾಕುತ್ತಿದ್ದರು. 1990ರ ದಶಕದ ಕೊನೆಗೆ ಡಿಎನ್‌ಎ ಹೋಲಿಸಿ ನೋಡಿದಾಗ ಟೆನ್ರೆಕ್ ಆಫ್ರಿಕಾ ಮೂಲದ ಆ ದೊಡ್ಡ ಬಳಗಕ್ಕೆ ಸೇರಿತು. ಎರಡರ ವಂಶವೂ ಕವಲೊಡೆದು ಹತ್ತಿರಹತ್ತಿರ 10 ಕೋಟಿ ವರ್ಷ. ಮುಳ್ಳು, ಚೆಂಡಾಗುವ ಉಪಾಯ ಎರಡಕ್ಕೂ ಬೇರೆಬೇರೆಯಾಗಿ ದಕ್ಕಿದ್ದು. ಕಚ್ಚಲು ಬರುವ ಬಾಯಿಗೆ ಮುಳ್ಳಿನ ಉಂಡೆಯೇ ಒಳ್ಳೆ ಉತ್ತರ ಅಂತ ತೋರುತ್ತದೆ.

ಒಳಗೆ ನೋಡಿದರೆ ವ್ಯತ್ಯಾಸ ಸ್ಪಷ್ಟ. ಟೆನ್ರೆಕ್‌ಗೆ ಮಲ, ಮೂತ್ರ, ಸಂತಾನ ಮೂರಕ್ಕೂ ಹಕ್ಕಿಗಳಂತೆ ಒಂದೇ ದ್ವಾರ. ಮೈಬಿಸಿಯೂ ನಮ್ಮಂತೆ ಒಂದೇ ಸಮ ಇರದು, ಸುತ್ತ ತಂಪಾದರೆ ಇಳಿದುಬಿಡುತ್ತದೆ.

ಇದರ ಬಳಗವೂ ಸ್ವಾರಸ್ಯದ್ದೇ. ಬಾಲವಿಲ್ಲದ ದೊಡ್ಡ ಟೆನ್ರೆಕ್ ಒಂದೇ ಸೂಲಿಗೆ 32 ಮರಿ ಹಾಕಿದ ದಾಖಲೆ ಇದೆ. ಮಾಂಸಕ್ಕಾಗಿ ಅದನ್ನು ಮಾರಿಷಸ್‌ಗೂ ಒಯ್ದಿದ್ದಾರೆ. ನನಗೆ ಹೆಚ್ಚು ಇಷ್ಟವಾಗುವುದು ಹಳದಿ-ಕಪ್ಪು ಪಟ್ಟೆಯ ಟೆನ್ರೆಕ್. ಬೆನ್ನಿನ ನಡುವೆ ದಪ್ಪ ಮುಳ್ಳುಗಳ ಒಂದು ಪುಟ್ಟ ಕಂತೆ. ಚರ್ಮ ಅದುರಿಸಿ ಅವನ್ನು ಒಂದಕ್ಕೊಂದು ಉಜ್ಜಿದರೆ ಜೀರುಂಡೆಯಂತೆ ಸದ್ದು. ತಾಯಿ-ಮರಿಗಳು ಎಲೆರಾಶಿಯಲ್ಲಿ ಹುಳ ಹುಡುಕುತ್ತಾ ಚದುರಿದಾಗ ಒಂದರ ಸುಳಿವು ಇನ್ನೊಂದಕ್ಕೆ ಸಿಗುವುದು ಈ ಸದ್ದಿನಿಂದ.

ಹೆಡ್ಜ್‌ಹಾಗ್ ಅಂದರೆ ನಮ್ಮ ಮುಳ್ಳುಹಂದಿಯೂ ಅಲ್ಲ. ಮುಳ್ಳುಹಂದಿ ದಂಶಕ, ಇಲಿ-ಅಳಿಲುಗಳ ಕಡೆಯದು. ಅಸಲಿ ಹೆಡ್ಜ್‌ಹಾಗ್ ನೋಡಬೇಕಿದ್ದರೆ ಮಡಗಾಸ್ಕರ್ ತನಕ ಹೋಗುವುದೂ ಬೇಡ: ತಮಿಳುನಾಡಿನ ಒಣ ಕುರುಚಲುಗಳಲ್ಲಿ ಮದ್ರಾಸ್ ಹೆಡ್ಜ್‌ಹಾಗ್ ಇದೆ. ಟಾರ್ಚ್ ಮರೆಯಬೇಡಿ, ಅದು ಹೊರಬರುವುದು ರಾತ್ರಿಯಲ್ಲೇ.