ಓಡುತ್ತಲೇ ನಿಲ್ಲುವ ಹಳೆಯ ಕಾರು: ಆಗೊಮ್ಮೆ ಈಗೊಮ್ಮೆ ಕಾಣುವ ದೋಷವನ್ನು ಹಿಡಿಯುವುದು

ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ ಸೊಲ್ಲಾಪುರ ರಸ್ತೆ ಹಿಡಿದ ಹಳೆಯ ಪೆಟ್ರೋಲ್ ಕಾರು ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಅರ್ಧ ತಾಸು ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತದೆ. ಗ್ಯಾರೇಜಿಗೆ ತಂದಾಗ ಎಲ್ಲವೂ ಸರಿ. ಇಂಥ ಗಾಡಿಗೆ ಊಹೆಯ ಮೇಲೆ ಸ್ಪಾರ್ಕಿಗೆ ಕರೆಂಟ್ ಕೊಡುವ ಕಾಯಿಲ್, ಪೆಟ್ರೋಲ್ ಎತ್ತುವ ಪಂಪ್, ಸೆನ್ಸರ್ ಎಂದು ಒಂದೊಂದೇ ಬದಲಿಸುತ್ತ ಹೋಗುವುದು ಮಾಲೀಕನ ಜೇಬಿಗೆ ಕತ್ತರಿ. ನಿಂತ ಆ ಕ್ಷಣದಲ್ಲಿ ಇಲ್ಲವಾದದ್ದು ಸ್ಪಾರ್ಕೋ, ಪೆಟ್ರೋಲೋ, ಎರಡಕ್ಕೂ ಹೋಗುವ ಕರೆಂಟೋ? ಈ ಪ್ರಶ್ನೆಯನ್ನು ಬಿಡದೆ ಹಿಡಿಯಬೇಕು.

ಮೊದಲು ಓಡಿಸುವವರನ್ನು ವಿಚಾರಿಸಿ. ಕೀಲಿ ತಿರುಗಿಸಿದಂತೆ ಒಮ್ಮೆಲೇ ನಿಂತರೆ ಸಂಶಯ ವಿದ್ಯುತ್ತಿನ ಮೇಲೆ. ಜಗ್ಗಿ ಜಗ್ಗಿ ನಿಂತರೆ ಪೆಟ್ರೋಲ್ ಪೂರೈಕೆಯ ಮೇಲೆ. ಎಂಜಿನ್ ನಿಂತಾಗ ಡ್ಯಾಶ್‌ಬೋರ್ಡಿನ ಆಯಿಲ್ ಮತ್ತು ಬ್ಯಾಟರಿ ದೀಪಗಳು ಹೊತ್ತಿಕೊಂಡವೇ ಎಂದೂ ಕೇಳಿ. ಕೀಲಿ ಆನ್ ಇದ್ದರೆ ಅವು ಹೊತ್ತಲೇಬೇಕು. ಹೊತ್ತದಿದ್ದರೆ ಬ್ಯಾಟರಿ ಟರ್ಮಿನಲ್, ಮುಖ್ಯ ಫ್ಯೂಸ್, ಇಗ್ನಿಷನ್ ಸ್ವಿಚ್ ಇವುಗಳಿಂದಲೇ ಹುಡುಕಾಟ ಶುರುವಾಗಲಿ. ಈ ಒಂದು ಉತ್ತರದಿಂದ ಅರ್ಧ ಕೆಲಸ ಮುಗಿಯುತ್ತದೆ.

ಮಲ್ಟಿಮೀಟರಿನ ಬಗ್ಗೆ ಒಂದು ಮಾತು. ಕನೆಕ್ಟರ್ ಬಿಚ್ಚಿ ಅಳೆದರೆ, ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರ್ 12 ವೋಲ್ಟ್ ತೋರಿಸುತ್ತದೆ, ಏಕೆಂದರೆ ಮೀಟರ್ ಎಳೆಯುವ ಕರೆಂಟ್ ತೀರಾ ಅತ್ಯಲ್ಪ. ಪಂಪ್ 5 ಆಂಪಿಯರ್ ಎಳೆಯುತ್ತಿದೆ, ತುಕ್ಕು ಹಿಡಿದ ಟರ್ಮಿನಲ್ 0.5 ಓಮ್ ತಡೆ ಒಡ್ಡುತ್ತಿದೆ ಎಂದುಕೊಳ್ಳಿ. ಅಲ್ಲೇ 2.5 ವೋಲ್ಟ್ ಸೋರಿ ಹೋಗುತ್ತದೆ. ಆದ್ದರಿಂದ ಎಂಜಿನ್ ಓಡುತ್ತಿರುವಾಗಲೇ ಅಳೆಯಬೇಕು. ಪಂಪಿನ ರಿಲೇಯ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್) 30 ಮತ್ತು 87ನೆಯ ಪಿನ್ನುಗಳ, ಅಂದರೆ ಕರೆಂಟ್ ಒಳಬರುವ ಮತ್ತು ಪಂಪಿಗೆ ಹೊರಡುವ ಪಿನ್ನುಗಳ ನಡುವೆ 0.2 ವೋಲ್ಟಿಗಿಂತ ಹೆಚ್ಚು ಕಂಡರೆ, ಅಥವಾ ಅಂಕಿ ಒಂದೇ ಸಮನೆ ಕುಣಿಯುತ್ತಿದ್ದರೆ, ಒಳಗಿನ ಕಾಂಟ್ಯಾಕ್ಟ್ ಸುಟ್ಟಿರುವ ಸಂಭವ ಹೆಚ್ಚು. ಅರ್ತ್ ವೈರಿಗೂ ಇದೇ ಪರೀಕ್ಷೆ. ಎಂಜಿನ್ ಬ್ಲಾಕ್ ಮತ್ತು ಬ್ಯಾಟರಿಯ ಮೈನಸ್ ನಡುವೆ ಅಳೆಯಿರಿ.

ನನಗೆ ಹೆಚ್ಚು ನಂಬಿಕೆಯಿರುವುದು ಎರಡು ಚಿಕ್ಕ ಬಲ್ಬುಗಳ ಮೇಲೆ. ಒಂದನ್ನು ಇಗ್ನಿಷನ್ ಕಾಯಿಲಿಗೆ ಬರುವ ಪ್ಲಸ್ ವೈರಿಗೆ, ಇನ್ನೊಂದನ್ನು ಪಂಪಿನ ರಿಲೇಯಿಂದ ಹೊರಡುವ ವೈರಿಗೆ ಜೋಡಿಸಿ, ನಡುವೆ ಸಣ್ಣ ಫ್ಯೂಸ್ ಹಾಕಿ, ಎರಡನ್ನೂ ಡ್ಯಾಶ್‌ಬೋರ್ಡಿನ ಮೇಲೆ ಟೇಪಿನಿಂದ ಅಂಟಿಸಿ. ಸೆನ್ಸರ್ ವೈರುಗಳಿಗೆ ಬಲ್ಬ್ ಮುಟ್ಟಿಸಲೇಬಾರದು, ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್, ಅಂದರೆ ಇಸಿಎಂ, ಸುಟ್ಟೀತು. ಖಾಲಿ ರಸ್ತೆಯಲ್ಲಿ ಒಬ್ಬರು ಓಡಿಸಲಿ, ಇನ್ನೊಬ್ಬರು ದೀಪ ನೋಡಲಿ. ಎಂಜಿನ್ ನಿಂತರೆ ಬ್ರೇಕಿಗೆ ಬಲ ಕೊಡುವ ಬೂಸ್ಟರಿನಲ್ಲಿ ಉಳಿದ ವ್ಯಾಕ್ಯೂಮ್ ಬ್ರೇಕನ್ನು ಒಂದೆರಡು ಸಲ ಮಾತ್ರ ಹಗುರಾಗಿಸುತ್ತದೆ, ಆಮೇಲೆ ಪೆಡಲ್ ಗಟ್ಟಿಯಾಗುತ್ತದೆ. ಆ ಎಚ್ಚರ ಇರಲಿ.

ಎರಡೂ ದೀಪ ಒಟ್ಟಿಗೇ ಆರಿದರೆ ಇಗ್ನಿಷನ್ ಸ್ವಿಚ್ ಅಥವಾ ಮುಖ್ಯ ರಿಲೇ. ಪಂಪಿನ ದೀಪ ಆರಿ, ಆಮೇಲೆ ಎಂಜಿನ್ ನಿಂತರೆ ಪಂಪಿನ ರಿಲೇ ಅಥವಾ ಅದರ ವೈರಿಂಗ್. ಆದರೆ ಎಂಜಿನ್ ನಿಂತ ಎರಡು ಸೆಕೆಂಡಿನೊಳಗೆ ಇಸಿಎಂ ತಾನಾಗಿಯೇ ಪಂಪನ್ನು ಆಫ್ ಮಾಡುತ್ತದೆ, ಅದು ದೋಷವಲ್ಲ. ಹಾಗಾಗಿ ಯಾವುದು ಮೊದಲು ಎಂಬುದನ್ನು ಕಣ್ಣಿಟ್ಟು ನೋಡಬೇಕು. ನಿಲ್ಲುವ ಕ್ಷಣದಲ್ಲಿ ಎರಡೂ ಉರಿಯುತ್ತಿದ್ದರೆ ಕ್ರ್ಯಾಂಕ್ ಸೆನ್ಸರ್ (ಎಂಜಿನ್ ತಿರುಗುವುದನ್ನು ಇಸಿಎಂಗೆ ತಿಳಿಸುವ ಭಾಗ), ಕಾಯಿಲ್, ಅರ್ತ್ ಕಡೆ ಹೊರಳಿ. ಕಾದಾಗ ಕ್ರ್ಯಾಂಕ್ ಸೆನ್ಸರಿನ ಸುರುಳಿ ಒಳಗೇ ತುಂಡಾಗಿ, ತಣಿದಾಗ ಕೂಡಿಕೊಳ್ಳುವುದುಂಟು. ಬಿಸಿಯಾಗಿದ್ದಾಗಲೇ ಅದರ ಓಮ್ ಅಳೆಯಿರಿ.

ನಿಂತಲ್ಲೇ ಪತ್ತೆ ಮಾಡಬೇಕಿದ್ದರೆ ಎಂಜಿನ್ ಓಡುತ್ತಿರುವಾಗ ರಿಲೇಯನ್ನು ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿ, ವೈರಿನ ಕಟ್ಟನ್ನು ಅಲುಗಾಡಿಸಿ, ಹೇರ್ ಡ್ರೈಯರಿನಿಂದ ಕಾಯಿಸಿ. ಯಾವುದನ್ನು ಮುಟ್ಟಿದಾಗ ಎಂಜಿನ್ ನಿಲ್ಲುತ್ತದೋ ಸಂಶಯ ಅದರ ಮೇಲೆ. ರಿಲೇ ಬಿಚ್ಚಿದರೆ ಪಿನ್ನಿನ ಬುಡದ ಬೆಸುಗೆಯಲ್ಲಿ ಕೂದಲೆಳೆಯಷ್ಟು ತೆಳ್ಳನೆಯ ದುಂಡು ಬಿರುಕು ಕಾಣಬಹುದು. ಭೂತಗನ್ನಡಿ ಇಲ್ಲದೆ ಅದು ಕಣ್ಣಿಗೆ ಬೀಳುವುದು ಕಷ್ಟ. ಹೊಸ ರಿಲೇ ಹಾಕುವುದೇ ಲೇಸು. ಹಾಕಿದ ದಿನವೇ ದೀಪಗಳನ್ನು ಬಿಚ್ಚಬೇಡಿ, ಮೊದಲು ನಿಲ್ಲುತ್ತಿದ್ದ ಅದೇ ಮಧ್ಯಾಹ್ನದ ಹೊತ್ತಿನಲ್ಲಿ ಕೆಲವು ದಿನ ಓಡಿಸಿ ನೋಡಿ.